ಗುಂಡಿನ ಸದ್ದಿಗೆ ಎಲೆಕ್ಟ್ರಾನಿಕ್ ಇಯರ್‌ಮಫ್: ಆರಿಸುವುದು, ಹಾಕುವುದು, ಕೆಟ್ಟಾಗ ಸರಿಮಾಡುವುದು

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮೈದಾನದ ಆ ತುದಿಯಲ್ಲಿ ಕಾಯಿ, ಈ ತುದಿಯಲ್ಲಿ ಮೇಜು, ಮೈಕ್ ಹಿಡಿದು ಹೆಸರು ಕೂಗುವವರು, ಕೋವಿ ಹಿಡಿದು ಸರದಿ ಕಾಯುವವರು. ಕೆಲವು ವರ್ಷಗಳ ಹಿಂದೆ ಅಂಥ ಒಂದು ಸಾಲಿನಲ್ಲಿ ನಾನೂ ನಿಂತಿದ್ದೆ. ತಲೆಗೆ ಸಾಧಾರಣ ಇಯರ್‌ಮಫ್, ಅಂದರೆ ಎರಡೂ ಕಿವಿ ಮುಚ್ಚುವ ಬಟ್ಟಲುಗಳಿರುವ ಪಟ್ಟಿ, ಹಾಕಿದ್ದೆ. ನನ್ನ ಹೆಸರು ಕೂಗಿದರೋ ಇಲ್ಲವೋ ಸರಿಯಾಗಿ ಕೇಳಿಸಲಿಲ್ಲ. ಎಡಗಡೆಯ ಬಟ್ಟಲನ್ನು ಎರಡು ಬೆರಳಿನಿಂದ ಸ್ವಲ್ಪ ಎತ್ತಿದೆ, ಅಷ್ಟೇ. ಪಕ್ಕದವರ 12 ಬೋರ್ ಕೋವಿ ಸಿಡಿಯಿತು.

ಎರಡು ದಿನ ಎಡಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಒಂದೇ ಸಮನೆ ಸದ್ದು. ಫೋನನ್ನು ಬಲಗಿವಿಗೇ ಹಿಡಿದು ಮಾತಾಡಿದೆ. ಮನೆಯಲ್ಲಿ ದೊಡ್ಡಪ್ಪ ನನ್ನ ಮುಖ ನೋಡಿ, "ನನಗೂ ಹೀಗೇ ಶುರುವಾದದ್ದು ಮಗಾ" ಅಂದರು. ಅವರಿಗೆ ಈಗ ಗುಡುಗು ಕೇಳುತ್ತದೆ, ಜೀಪಿನ ಸದ್ದು ಕೇಳುತ್ತದೆ. ಮೊಮ್ಮಕ್ಕಳ ಮಾತು ಕೇಳುವುದಿಲ್ಲ. ಗುಂಡಿನ ಸದ್ದು ಮೊದಲು ಹಾಳು ಮಾಡುವುದು ಕೀರಲು ಸದ್ದನ್ನು ಹಿಡಿಯುವ ಶಕ್ತಿಯನ್ನು. ಮಕ್ಕಳ ದನಿ, 'ಸ', 'ಫ' ಥರದ ಅಕ್ಷರಗಳು ಅಲ್ಲೇ ಇರುವುದು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಆ ಸ್ಪರ್ಧೆಯ ನಂತರ ನಾನು ಎಲೆಕ್ಟ್ರಾನಿಕ್ ಮಫ್‌ಗೆ ಬದಲಾದೆ. ಆಮೇಲೆ ಊರಿನ ನಾಲ್ಕೈದು ಮನೆಯವರ ಮಫ್‌ಗಳೂ ರಿಪೇರಿಗೆಂದು ನನ್ನ ಮೇಜಿಗೆ ಬಂದು ಹೋದವು. ಆರಿಸುವಾಗ ಏನು ನೋಡಬೇಕು, ಕೆಟ್ಟರೆ ಎಲ್ಲಿಂದ ಹುಡುಕಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಕಿವಿ ಕಾಯುವುದು ಯಾವುದು?

ಇದನ್ನು ಮೊದಲು ತಿಳಿದುಕೊಳ್ಳದೇ ಹೋದರೆ ಮುಂದಿನದೆಲ್ಲ ತಪ್ಪುತ್ತದೆ. ಎಲೆಕ್ಟ್ರಾನಿಕ್ ಮಫ್‌ನಲ್ಲಿ ಎರಡು ಗಟ್ಟಿ ಪ್ಲಾಸ್ಟಿಕ್ ಬಟ್ಟಲು, ಅವುಗಳ ಅಂಚಿಗೆ ಮೆತ್ತೆ, ಒಳಗೆ ಫೋಮ್ ಇರುತ್ತದೆ. ಸಾಧಾರಣ ಮಫ್‌ನಲ್ಲೂ ಇಷ್ಟೇ. ಎಲೆಕ್ಟ್ರಾನಿಕ್‌ನಲ್ಲಿ ಹೊರಗಡೆ ಪುಟ್ಟ ಮೈಕ್, ಒಳಗಡೆ ಸ್ಪೀಕರ್, ನಡುವೆ ಒಂದು ಸರ್ಕ್ಯೂಟ್ ಜಾಸ್ತಿ ಇರುತ್ತವೆ. ಹೊರಗಿನ ಮಾತನ್ನು ಮೈಕ್ ಹಿಡಿದು ಒಳಗೆ ಕೊಡುತ್ತದೆ. ಸದ್ದು ಒಂದು ಮಟ್ಟ ದಾಟಿದರೆ ಸ್ಪೀಕರ್ ಅದಕ್ಕಿಂತ ಜೋರಾಗಿ ನುಡಿಯುವುದಿಲ್ಲ. ಹೊವರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್‌ನಂಥ ಮಾಡೆಲ್‌ನಲ್ಲಿ ಆ ಮಟ್ಟ 82 ಡೆಸಿಬೆಲ್.

ಗುಂಡು ಹಾರಿದಾಗ ಈ ಸರ್ಕ್ಯೂಟ್ ಬಂದು ಕಿವಿ ಕಾಯುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹಾಗಲ್ಲ. ಗುಂಡಿನ ಸದ್ದನ್ನು ತಡೆಯುವುದು ಬಟ್ಟಲು ಮತ್ತು ಮೆತ್ತೆ ಮಾತ್ರ. ಸರ್ಕ್ಯೂಟ್ ಮಾಡುವ ಉಪಕಾರ ಬೇರೆ: ಮಾತು ಕೇಳಿಸುವುದರಿಂದ ನೀವು ಬಟ್ಟಲನ್ನು ಎತ್ತುವುದಿಲ್ಲ. ಸೆಲ್ ಸತ್ತರೂ ರಕ್ಷಣೆ ಹೋಗುವುದಿಲ್ಲ. ಮೆತ್ತೆ ಬಿರಿದರೆ ಹೋಗುತ್ತದೆ. ಆದ್ದರಿಂದ ಕೊಳ್ಳುವಾಗಲೂ ರಿಪೇರಿ ಮಾಡುವಾಗಲೂ ಮೊದಲು ಮೆತ್ತೆ, ಆಮೇಲೆ ಮೈಕ್.

ಸದ್ದು ಕಮ್ಮಿ ಮಾಡುತ್ತವೆ ಅಂತ ಮಾರುವ ಬ್ಲೂಟೂತ್ ಇಯರ್‌ಬಡ್‌ಗಳನ್ನು ಹಾಕಿಕೊಂಡು ಗುಂಡು ಹೊಡೆಯುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಬಸ್ಸಿನ ಇಂಜಿನ್, ವಿಮಾನದ ಗುಂಯ್‌ಗುಡುವಿಕೆಯಂಥ ಒಂದೇ ಸಮನಾದ ಸದ್ದಿಗೆ ಮಾಡಿದ ವಸ್ತು ಅದು. ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವ ಗುಂಡಿನ ಸದ್ದಿಗೆ ಅದು ಏನೂ ಮಾಡಲಾರದು. ಹತ್ತಿ ತುರುಕಿಕೊಳ್ಳುವುದೂ ಅಷ್ಟೇ.

ಹಂತ 1: ನಿಮ್ಮ ಕೋವಿಯ ಸದ್ದು ಎಷ್ಟು?

ಒಮ್ಮೆಲೇ ಸಿಡಿಯುವ ಸದ್ದು 140 ಡೆಸಿಬೆಲ್ ದಾಟಿದರೆ ಒಂದೇ ಗುಂಡು ಸಾಕು, ಕಿವಿಗೆ ಶಾಶ್ವತ ಪೆಟ್ಟು ಬೀಳಬಹುದು. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ಇನ್ನೂ ಕೆಳಗೆ, 120 ಡೆಸಿಬೆಲ್. ಪಾಯಿಂಟ್ 22 ರೈಫಲ್ ಹೆಚ್ಚುಕಮ್ಮಿ ಆ 140ರ ಗೆರೆಯ ಮೇಲೇ ನಿಂತಿದೆ. ಅದೇ ಗುಂಡನ್ನು ಪಿಸ್ತೂಲಿನಲ್ಲಿ ಹೊಡೆದರೆ ಸದ್ದು ಇನ್ನೂ ಜಾಸ್ತಿ, ಯಾಕೆಂದರೆ ನಳಿಗೆ ಗಿಡ್ಡ. 12 ಬೋರ್ 150 ದಾಟುತ್ತದೆ. ದೊಡ್ಡ ರೈಫಲ್‌ಗಳು 160ರ ಮೇಲೂ ಹೋಗುತ್ತವೆ. ನಳಿಗೆಯ ತುದಿಗೆ ಮಜಲ್ ಬ್ರೇಕ್, ಅಂದರೆ ಗ್ಯಾಸನ್ನು ಪಕ್ಕಕ್ಕೆ ಬಿಡುವ ತೂತುಗಳ ತುಂಡು, ಇದ್ದರೆ ಭುಜಕ್ಕೆ ಬೀಳುವ ಹೊಡೆತ ಕಮ್ಮಿ, ಕಿವಿಗೆ ಬೀಳುವುದು ಜಾಸ್ತಿ. ಪಕ್ಕದಲ್ಲಿ ನಿಂತವರ ಕಿವಿಗಂತೂ ಇನ್ನೂ ಜಾಸ್ತಿ.

ಬಲಗೈಯವರು ಕೋವಿ ಹಿಡಿದಾಗ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ ಇರುತ್ತದೆ. ಬಲಗಿವಿಗೆ ತಲೆಯೇ ಮರೆ. ಅದಕ್ಕೇ ಹಳೆಯ ಬೇಟೆಗಾರರಲ್ಲಿ ಎಡಗಿವಿ ಮೊದಲು ಮಂದವಾಗುವುದು.

ಫೋನಿನ ಡೆಸಿಬೆಲ್ ಆ್ಯಪ್ ಇಟ್ಟು ಅಳೆದು, "ಬರೀ 110 ತೋರಿಸ್ತು" ಅನ್ನುವವರಿದ್ದಾರೆ. ಫೋನಿನ ಮೈಕ್‌ಗೆ ಇಷ್ಟು ದೊಡ್ಡ, ಇಷ್ಟು ಚುಟುಕಾದ ಸದ್ದನ್ನು ಅಳೆಯಲು ಆಗುವುದೇ ಇಲ್ಲ. ಆ ಅಂಕಿಯನ್ನು ನಂಬಬೇಡಿ.

ಹಂತ 2: ಡಬ್ಬಿಯ ಮೇಲಿನ ಅಂಕಿ ಓದಿ

ಅಮೆರಿಕದ ಮಾಲಿನ ಮೇಲೆ ಎನ್‌ಆರ್‌ಆರ್, ಯುರೋಪಿನದರ ಮೇಲೆ ಎಸ್‌ಎನ್‌ಆರ್ ಅಂತ ಬರೆದಿರುತ್ತದೆ. ಎರಡೂ ಸದ್ದು ಎಷ್ಟು ಇಳಿಯುತ್ತದೆ ಅಂತಲೇ ಹೇಳುವುದು. ಆದರೆ ಪರೀಕ್ಷೆ ಮಾಡುವ ರೀತಿ ಬೇರೆ. ಒಂದೇ ಮಫ್‌ಗೆ ಎಸ್‌ಎನ್‌ಆರ್ ಎರಡು ಮೂರು ಅಂಕಿ ಮೇಲೆ ಇರುವುದು ಸಾಮಾನ್ಯ. ಆದ್ದರಿಂದ ಒಂದರ ಎನ್‌ಆರ್‌ಆರ್ ಅನ್ನು ಇನ್ನೊಂದರ ಎಸ್‌ಎನ್‌ಆರ್ ಜೊತೆ ಹೋಲಿಸಬೇಡಿ. ಯುರೋಪಿನ ಗುರುತು ಇದ್ದರೆ ಇಎನ್ 352-1 ಅನ್ನುವುದು ಮಫ್‌ಗೆ, ಇಎನ್ 352-4 ಅನ್ನುವುದು ಸದ್ದು ನೋಡಿ ತಾನೇ ಹೊಂದಿಸಿಕೊಳ್ಳುವ ಮಫ್‌ಗೆ. ಎರಡನೆಯದು ಇದೆಯೇ ಅಂತ ನೋಡಿ. ಯಾವ ಗುರುತೂ ಇಲ್ಲದೆ ಸುಮ್ನೆ "34 ಡೆಸಿಬೆಲ್" ಅಂತ ದೊಡ್ಡದಾಗಿ ಅಚ್ಚು ಹಾಕಿದ ಎಲೆಕ್ಟ್ರಾನಿಕ್ ಮಫ್ ಸಿಕ್ಕರೆ ಹಾಗೇ ಕೆಳಗಿಡಿ.

ಒಳ್ಳೆಯ ಎಲೆಕ್ಟ್ರಾನಿಕ್ ಮಫ್‌ಗಳ ಎನ್‌ಆರ್‌ಆರ್ ಸಾಮಾನ್ಯವಾಗಿ 22ರಿಂದ 26ರ ಆಸುಪಾಸು. ಇಂಪ್ಯಾಕ್ಟ್ ಸ್ಪೋರ್ಟ್ 22, ವಾಕರ್ಸ್ ರೇಜರ್ 23, ಪೆಲ್ಟರ್ ಸ್ಪೋರ್ಟ್ ಟ್ಯಾಕ್ಟಿಕಲ್ 500 ಆದರೆ 26. ಇವೆಲ್ಲ ಲ್ಯಾಬಿನಲ್ಲಿ, ಮೆತ್ತೆ ಹೊಸದಾಗಿದ್ದಾಗ, ಸರಿಯಾಗಿ ಹಾಕಿ ಅಳೆದ ಅಂಕಿಗಳು. ಅದೂ ಒಂದೇ ಸಮನಾದ ಸದ್ದಿಗೆ, ಗುಂಡಿಗಲ್ಲ. ಆದರೂ ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಕೋವಿ 155 ಅಂತಿರಲಿ. 22 ಕಳೆದರೆ 133. ಗೆರೆಯ ಕೆಳಗೆ ಬಂತು. ಕನ್ನಡಕದ ಕಡ್ಡಿಯಿಂದಲೋ ಕೂದಲಿನಿಂದಲೋ ಮೆತ್ತೆಯ ಹಿಡಿತ ತಪ್ಪಿ ಅರ್ಧ ರಕ್ಷಣೆ ಹೋಯಿತು ಅನ್ನಿ, 155ರಲ್ಲಿ 11 ಹೋದರೆ 144. ಗೆರೆ ದಾಟಿತು. ಮಫ್ ಅದೇ, ಕೋವಿ ಅದೇ, ವ್ಯತ್ಯಾಸ ಆದದ್ದು ಒಂದು ಕಡ್ಡಿಯಿಂದ. ಅದಕ್ಕೇ ಡಬ್ಬಿಯ ಮೇಲೆ ಎರಡು ಮೂರು ಅಂಕಿ ಜಾಸ್ತಿ ಇರುವುದಕ್ಕಿಂತ ನಿಮ್ಮ ತಲೆಗೆ ಸರಿಯಾಗಿ ಕೂರುವುದು ಮುಖ್ಯ.

ಹಂತ 3: ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಿ

ಸಾಧ್ಯವಿದ್ದರೆ ಆನ್‌ಲೈನ್‌ನಲ್ಲಿ ತರಿಸುವ ಮೊದಲು ಪರಿಚಯದವರ ಮಫ್ ಒಂದನ್ನು ಇಸಿದುಕೊಂಡು, ಖಾಲಿ ಕೋವಿಯನ್ನು ಭುಜಕ್ಕೆ ಕೊಟ್ಟು ನೋಡಿ. ಕೋವಿ ಖಾಲಿ ಇದೆಯೇ ಅಂತ ಎರಡು ಸಲ ನೋಡಿದ ಮೇಲೆ. ಕೆನ್ನೆಯನ್ನು ಹಿಡಿಕಟ್ಟಿಗೆ ಒತ್ತಿ ಗುರಿ ನೋಡುವಾಗ ದಪ್ಪ ಬಟ್ಟಲು ಕಟ್ಟಿಗೆಗೆ ತಾಗಿ ಮೇಲೆ ಏಳುತ್ತದೆ. ಗುಂಡು ಹಾರುವ ಹೊತ್ತಿಗೇ ಕೆಳಗಡೆ ಒಂದು ಸಂದಿ ಬಿಟ್ಟಿರುತ್ತದೆ! ಉದ್ದ ಕೋವಿಗೆ ಬಟ್ಟಲು ತೆಳು ಇರಬೇಕು, ಕೆಳಭಾಗ ಒಳಕ್ಕೆ ಕೊರೆದ ಹಾಗಿರಬೇಕು. ಪಿಸ್ತೂಲಿನವರಿಗೆ ಈ ತೊಂದರೆ ಇಲ್ಲ, ಅವರು ದಪ್ಪ ಬಟ್ಟಲನ್ನೇ ಆರಿಸಲಿ. ಅದರಲ್ಲಿ ರಕ್ಷಣೆಯೂ ಜಾಸ್ತಿ.

ಮೆತ್ತೆ ಎರಡು ಥರ ಸಿಗುತ್ತದೆ, ಫೋಮ್ ತುಂಬಿದ್ದು ಮತ್ತು ಜೆಲ್ ತುಂಬಿದ್ದು. ಕನ್ನಡಕ ಹಾಕುವವರು ಜೆಲ್ ಮೆತ್ತೆಗೆ ಸ್ವಲ್ಪ ಹೆಚ್ಚು ದುಡ್ಡು ಕೊಡಿ, ನಷ್ಟವಿಲ್ಲ. ಕಡ್ಡಿಯ ಸುತ್ತ ಅದು ಹರಡಿ ಕೂರುತ್ತದೆ. ಬದಲಿ ಮೆತ್ತೆ ಬಿಡಿಯಾಗಿ ಸಿಗುತ್ತದೆಯೇ ಅಂತಲೂ ಈಗಲೇ ಕೇಳಿ. ಸಿಗದಿದ್ದರೆ ಆ ಮಫ್‌ನ ಆಯುಸ್ಸು ಒಂದೆರಡು ವರ್ಷ.

ಮೈಕ್ ಎರಡು ಇರಲೇಬೇಕು, ಒಂದೊಂದು ಬದಿಗೆ ಒಂದೊಂದು. ಒಂದೇ ಮೈಕ್ ಇದ್ದರೆ ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯುವುದಿಲ್ಲ. ಸಾಲಿನಲ್ಲಿ ನಿಂತಾಗ "ನಿಲ್ಲಿಸಿ" ಅಂತ ಯಾರು ಎಲ್ಲಿಂದ ಕೂಗಿದರು ಅಂತ ಗೊತ್ತಾಗಬೇಕಲ್ವಾ?

ಸರ್ಕ್ಯೂಟ್‌ನಲ್ಲೂ ಎರಡು ಜಾತಿ. ಹಳೆಯ, ಅಗ್ಗದ ಥರದವು ಜೋರು ಸದ್ದು ಬಂದ ಕೂಡಲೇ ಸ್ಪೀಕರನ್ನು ಪೂರ್ತಿ ಬಂದ್ ಮಾಡಿ, ಸ್ವಲ್ಪ ಹೊತ್ತಿನ ಮೇಲೆ ತೆರೆಯುತ್ತವೆ. ನಾಲ್ಕು ಜನ ಒಟ್ಟಿಗೆ ಹೊಡೆಯುವ ಕಡೆ ಮಾತು ತುಂಡು ತುಂಡಾಗಿ ಕೇಳುತ್ತದೆ, ಅರ್ಧ ಆಜ್ಞೆ ನುಂಗಿ ಹೋಗುತ್ತದೆ. ಇನ್ನೊಂದು ಜಾತಿ ಜೋರು ಸದ್ದನ್ನು ಮಾತ್ರ ಒತ್ತಿ ಇಳಿಸಿ, ಉಳಿದದ್ದನ್ನು ಬಿಡದೆ ಕೇಳಿಸುತ್ತದೆ. ವಿವರದಲ್ಲಿ 'ಕಂಪ್ರೆಷನ್' ಅಂತ ಇದ್ದರೆ ಇದು. ಇದನ್ನೇ ತೆಗೆದುಕೊಳ್ಳಿ.

ಸೆಲ್ ವಿಷಯದಲ್ಲಿ ನನ್ನ ಒಲವು ರಿಮೋಟಿಗೆ ಹಾಕುವ ಎಎಎ ಸೆಲ್ ಕಡೆಗೆ. ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಒಳಗೇ ಚಾರ್ಜ್ ಆಗುವ ಬ್ಯಾಟರಿ ಮೈದಾನದಲ್ಲಿ ಖಾಲಿಯಾದರೆ ಅಲ್ಲಿ ಚಾರ್ಜರ್ ಎಲ್ಲಿ ಹುಡುಕುವುದು? ತಾನೇ ಆಫ್ ಆಗುವ ಸೌಲಭ್ಯವೂ ಇರಲಿ. ಬ್ಲೂಟೂತ್, ಹಾಡು ಕೇಳುವ ತೂತು ಇವು ಇಲ್ಲದಿದ್ದರೂ ನಡೆಯುತ್ತದೆ. ಗುಂಡು ಹೊಡೆಯುವ ಜಾಗದಲ್ಲಿ ಹಾಡು ಬೇಡ.

ಕಿವಿಯೊಳಗೆ ಇಡುವ ಎಲೆಕ್ಟ್ರಾನಿಕ್ ಪ್ಲಗ್‌ಗಳೂ ಬಂದಿವೆ. ಹಿಡಿಕಟ್ಟಿಗೆ ತಾಗುವುದಿಲ್ಲ, ಬಿಸಿಲಿನಲ್ಲಿ ಬೆವರುವುದಿಲ್ಲ. ಆದರೆ ಬೆಲೆ ಜಾಸ್ತಿ, ಕಿವಿಯ ಅಳತೆಗೆ ತುದಿ ಸರಿಯಾಗಿ ಕೂತರೆ ಮಾತ್ರ ರಕ್ಷಣೆ. ಮೊದಲ ಸಲ ಕೊಳ್ಳುವವರಿಗೆ ನಾನು ಮಫ್ ಅನ್ನೇ ಹೇಳುತ್ತೇನೆ.

ಒಂದು ಎಚ್ಚರಿಕೆ. ನಿಮ್ಮ ಮಕ್ಕಳು ರೈಫಲ್ ಕ್ಲಬ್‌ಗೆ ಹೋಗಿ ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆಗೆ ತಯಾರಾಗುತ್ತಿದ್ದರೆ ಅವರಿಗೆ ಎಲೆಕ್ಟ್ರಾನಿಕ್ ಮಫ್ ಕೊಳ್ಳುವ ಮೊದಲು ಯೋಚಿಸಿ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದ ಪ್ರಕಾರ ಧ್ವನಿ ಪಡೆಯುವ ಸಾಧನ ಇರುವ ಕಿವಿ ರಕ್ಷಣೆಯನ್ನು ಸ್ಪರ್ಧಿಗಳು ಕಣದಲ್ಲಿ ಹಾಕುವಂತಿಲ್ಲ. ಸಾಧಾರಣ ಮಫ್ ಅಥವಾ ಪ್ಲಗ್ ಮಾತ್ರ. ಊರಿನ ತೆಂಗಿನಕಾಯಿ ಸ್ಪರ್ಧೆಗೆ ಈ ನಿಯಮ ಇಲ್ಲ, ಆದರೂ ಸಂಘಟಕರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಹಂತ 4: ಹಾಕುವ ಕ್ರಮ

ಬಟ್ಟಲಿನ ಒಳಗೆ ಎಡ, ಬಲ ಅಂತ ಗುರುತು ಇರುತ್ತದೆ. ತಿರುಗಿಸಿ ಹಾಕಿದರೆ ಎಡಗಡೆಯ ಮಾತು ಬಲಗಡೆ ಕೇಳುತ್ತದೆ. ತಲೆಪಟ್ಟಿಯನ್ನು ಪೂರ್ತಿ ಎಳೆದು ಉದ್ದ ಮಾಡಿ, ಬಟ್ಟಲನ್ನು ಕಿವಿಯ ಮೇಲೆ ಕೂರಿಸಿ, ಆಮೇಲೆ ಪಟ್ಟಿ ನೆತ್ತಿಗೆ ತಾಗುವವರೆಗೆ ಬಟ್ಟಲನ್ನು ಮೇಲಕ್ಕೆ ಜಾರಿಸಿ. ಕಿವಿಯ ಹಾಲೆ ಪೂರ್ತಿ ಬಟ್ಟಲಿನ ಒಳಗೆ ಬರಬೇಕು. ಮೆತ್ತೆಯ ಕೆಳಗೆ ಚರ್ಮ ಬಿಟ್ಟು ಬೇರೇನೂ ಸಿಕ್ಕಿಕೊಳ್ಳಬಾರದು. ಕೂದಲನ್ನು ಹಿಂದಕ್ಕೆ ಸರಿಸಿ. ಟೋಪಿ, ತಲೆಗೆ ಕಟ್ಟಿದ ವಸ್ತ್ರ ಇದ್ದರೆ ಅದರ ಅಂಚನ್ನು ಮೆತ್ತೆಯಿಂದ ಮೇಲಕ್ಕೆ ಎತ್ತಿ. ಜುಮುಕಿ, ದೊಡ್ಡ ಓಲೆ ಬಿಚ್ಚಿಡಿ. ಕನ್ನಡಕದ ಕಡ್ಡಿ ತೆಳ್ಳಗಿದ್ದಷ್ಟೂ ಒಳ್ಳೆಯದು.

ಮೈದಾನಕ್ಕೆ ಕಾಲಿಡುವ ಮೊದಲೇ ಹಾಕಿ, ಹೊರಗೆ ಬಂದ ಮೇಲೆ ತೆಗೆಯಿರಿ. ನಡುವೆ ಎತ್ತುವುದು ಬೇಡ. ಎತ್ತಿದ್ದಕ್ಕೆ ಏನಾಯಿತು ಅಂತ ಆಗಲೇ ಹೇಳಿದೆನಲ್ಲ.

ಹಂತ 5: ಮಿಕ್ಸಿ ಪರೀಕ್ಷೆ

ಇದು ನಾನು ಮನೆಯಲ್ಲಿ ಮಾಡುವ ಪರೀಕ್ಷೆ. ಎರಡು ನಿಮಿಷ ಸಾಕು. ಮಫ್ ಹಾಕಿ, ಸ್ವಿಚ್ ಆಫ್ ಇರಲಿ. ಅಡುಗೆಮನೆಯಲ್ಲಿ ಮಿಕ್ಸಿ ಓಡಲಿ, ನೀವು ನಾಲ್ಕು ಅಡಿ ದೂರ ನಿಲ್ಲಿ. ಈಗ ಎರಡೂ ಅಂಗೈಯಿಂದ ಬಟ್ಟಲುಗಳನ್ನು ತಲೆಗೆ ಗಟ್ಟಿಯಾಗಿ ಒತ್ತಿ, ಬಿಡಿ, ಮತ್ತೆ ಒತ್ತಿ. ಒತ್ತಿದಾಗಲೂ ಬಿಟ್ಟಾಗಲೂ ಸದ್ದು ಹೆಚ್ಚುಕಮ್ಮಿ ಒಂದೇ ಥರ ಇದ್ದರೆ ಮೆತ್ತೆ ಚೆನ್ನಾಗಿ ಕೂತಿದೆ. ಒತ್ತಿದ ಕೂಡಲೇ ಮಿಕ್ಸಿ ದೂರ ಹೋದ ಹಾಗೆ ಆದರೆ ಎಲ್ಲೋ ಸಂದಿ ಇದೆ. ಕನ್ನಡಕ ತೆಗೆದು ಒಮ್ಮೆ, ಹಾಕಿ ಒಮ್ಮೆ ಮಾಡಿ. ಕೆಳಗಿನ ದವಡೆಯನ್ನು ಅಗಿಯುವ ಹಾಗೆ ಆಡಿಸಿ ಒಮ್ಮೆ ಮಾಡಿ. ಕೆನ್ನೆಯನ್ನು ಹಿಡಿಕಟ್ಟಿಗೆ ಕೊಟ್ಟಾಗ ಮುಖದ ಆಕಾರ ಬದಲಾಗುತ್ತದೆ, ಅದನ್ನೂ ಪರೀಕ್ಷಿಸಿದ ಹಾಗಾಯಿತು.

ಆಮೇಲೆ ಸ್ವಿಚ್ ಆನ್ ಮಾಡಿ, ವಾಲ್ಯೂಮ್ ಅರ್ಧಕ್ಕಿಡಿ. ಮೈಕ್ ಮುಂದೆ ಬೆರಳು ಉಜ್ಜಿ. ಎಡಕ್ಕೂ ಬಲಕ್ಕೂ ಒಂದೇ ಸಮ ಕೇಳಬೇಕು. ಜೋರಾಗಿ ಚಪ್ಪಾಳೆ ತಟ್ಟಿದಾಗ ಸದ್ದು ಮಂಕಾಗಬೇಕು. ಈ ಚಪ್ಪಾಳೆ ಪರೀಕ್ಷೆ ಸರ್ಕ್ಯೂಟ್ ಕೆಲಸ ಮಾಡುತ್ತಿದೆ ಅಂತ ಮಾತ್ರ ಹೇಳುತ್ತದೆ. ಕಿವಿ ಕ್ಷೇಮ ಅಂತ ಹೇಳುವುದು ಮಿಕ್ಸಿ ಪರೀಕ್ಷೆ.

ಹಂತ 6: ಒಳಗೊಂದು, ಹೊರಗೊಂದು

12 ಬೋರ್ ಮತ್ತು ಅದಕ್ಕಿಂತ ದೊಡ್ಡ ಕೋವಿಗೆ, ತಗಡಿನ ಸೂರಿನ ಕೆಳಗೆ ಅಥವಾ ಗೋಡೆಗಳ ನಡುವೆ ಹೊಡೆಯುವಾಗ, ಮಫ್ ಒಳಗೆ ಫೋಮ್ ಪ್ಲಗ್ ಕೂಡ ಹಾಕಿ. 30ರ ಆಸುಪಾಸು ಎನ್‌ಆರ್‌ಆರ್ ಇರುವ ಪ್ಲಗ್ ಮತ್ತು 22ರ ಮಫ್ ಸೇರಿದರೆ 52 ಆಗುವುದಿಲ್ಲ. ದೊಡ್ಡ ಅಂಕಿಗೆ 5 ಸೇರಿಸಿ, 35 ಅಂತ ಇಟ್ಟುಕೊಳ್ಳಿ. ಉಳಿದ ಸದ್ದು ತಲೆಬುರುಡೆಯ ಮೂಲಕವೂ ಒಳಗೆ ಹೋಗುವುದರಿಂದ ಅದಕ್ಕೊಂದು ಮಿತಿ ಇದ್ದೇ ಇದೆ.

ಎಲೆಕ್ಟ್ರಾನಿಕ್ ಮಫ್‌ನ ನಿಜವಾದ ಲಾಭ ಗೊತ್ತಾಗುವುದು ಇಲ್ಲಿ. ಪ್ಲಗ್ ಮತ್ತು ಸಾಧಾರಣ ಮಫ್ ಸೇರಿದರೆ ಏನೂ ಕೇಳುವುದಿಲ್ಲ. ಎಲೆಕ್ಟ್ರಾನಿಕ್ ಆದರೆ ವಾಲ್ಯೂಮ್ ಏರಿಸಿದರೆ ಸಾಕು, ಪ್ಲಗ್‌ನ ಮೂಲಕವೂ ಆಜ್ಞೆ ಕೇಳುತ್ತದೆ. ನಾನು ಈಗ ಹೊಡೆಯುವುದು ಹೀಗೇ.

ಪ್ಲಗ್ ಹಾಕುವುದಕ್ಕೂ ಒಂದು ರೀತಿ ಇದೆ. ಕೈ ತೊಳೆದು, ಪ್ಲಗ್ ಅನ್ನು ಬೆರಳ ನಡುವೆ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಒಳಗೆ ತಳ್ಳಿ, ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಳ್ಳಿ. ಎದುರು ನಿಂತವರಿಗೆ ಪ್ಲಗ್ ಹೊರಗೆ ಎದ್ದು ಕಾಣುತ್ತಿದ್ದರೆ ಅದು ಒಳಗೆ ಹೋಗಿಲ್ಲ.

ಹಂತ 7: ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಆನ್ ಆಗುತ್ತಿಲ್ಲ. ಮೊದಲು ಸ್ವಿಚ್ ಅನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಇಂಪ್ಯಾಕ್ಟ್ ಸ್ಪೋರ್ಟ್ ನಾಲ್ಕು ಗಂಟೆಗೆ ತಾನೇ ಆಫ್ ಆಗುತ್ತದೆ. ಗುಂಡಿ ಆನ್‌ನಲ್ಲೇ ನಿಂತಿರುತ್ತದೆ, ನಾವು ಕೆಟ್ಟಿತು ಅಂದುಕೊಳ್ಳುತ್ತೇವೆ. ಅದಲ್ಲದಿದ್ದರೆ ಸೆಲ್. ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹಳೆಯದು, ಒಂದು ಹೊಸದು ಹಾಕಿದರೆ ಹಳೆಯದು ಬೇಗ ಸೋರುತ್ತದೆ.

ಸೆಲ್ ಸೋರಿದ್ದರೆ ಡಬ್ಬಿಯ ಮುಚ್ಚಳ ತೆಗೆದಾಗಲೇ ಗೊತ್ತಾಗುತ್ತದೆ. ಸ್ಪ್ರಿಂಗ್ ಸುತ್ತ ಉಪ್ಪು ಕಟ್ಟಿದ ಹಾಗೆ ಬಿಳಿ ಪುಡಿ, ತಾಮ್ರದ ತಗಡಿದ್ದರೆ ಅದರ ಮೇಲೆ ಹಸಿರು ಪಾಚಿ ಥರ. ಅದನ್ನು ಊದಬೇಡಿ, ಕಣ್ಣಿಗೆ ಬೀಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉದುರಿಸಿ. ಆಲ್ಕಲೈನ್ ಸೆಲ್ ಸೋರಿದ್ದಾದರೆ ಕಿವಿಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ, ಹನಿ ಬೀಳದ ಹಾಗೆ ಹಿಂಡಿ ಒರೆಸಿ. ಸಣ್ಣಗೆ ಬುರುಗು ಏಳುತ್ತದೆ, ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಅಗ್ಗದ ಸಾದಾ ಸೆಲ್ ಸೋರಿದ್ದಾದರೆ ವಿನೆಗರ್ ಬೇಡ, ಚಿಟಿಕೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಒರೆಸಿ. ಕೊನೆಗೆ ಮೆಡಿಕಲ್ ಶಾಪಿನ ಸ್ಪಿರಿಟ್‌ನಿಂದ ಒರೆಸಿ, ಒಂದು ರಾತ್ರಿ ಒಣಗಲು ಬಿಡಿ. ತಗಡು ಮತ್ತೆ ಹೊಳೆಯುವವರೆಗೆ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಬಹುದು. ನನ್ನ ಮೇಜಿಗೆ "ಸತ್ತೇ ಹೋಯ್ತು" ಅಂತ ಬಂದ ಮಫ್‌ಗಳಲ್ಲಿ ಹೆಚ್ಚಿನವು ಬದುಕಿದ್ದು ಇದರಿಂದಲೇ.

ಒಂದು ಕಿವಿ ಮಾತ್ರ ಕೇಳುತ್ತದೆ. ತುಂಬ ಮಾಡೆಲ್‌ಗಳಲ್ಲಿ ಸೆಲ್ ಒಂದು ಬಟ್ಟಲಿನಲ್ಲಿ ಇರುತ್ತದೆ, ಇನ್ನೊಂದಕ್ಕೆ ತಲೆಪಟ್ಟಿಯ ಪಕ್ಕದ ವೈರ್ ಮೂಲಕ ಕರೆಂಟ್ ಹೋಗುತ್ತದೆ. ಮಫ್ ಅನ್ನು ಆನ್ ಮಾಡಿ ಹಾಕಿಕೊಂಡು, ಆ ವೈರನ್ನು ಬಟ್ಟಲಿಗೆ ಸೇರುವ ಬುಡದಲ್ಲಿ ಬೆರಳಿನಿಂದ ಆಡಿಸಿ. ಚರಚರ ಅಂತ ಸದ್ದು ಬಂದರೆ ವೈರ್ ಒಳಗೆ ಮುರಿದಿದೆ. ರೇಡಿಯೋ, ಮೊಬೈಲ್ ರಿಪೇರಿಯವರು ಬೆಸುಗೆ ಹಾಕಿ ಕೊಡುತ್ತಾರೆ. ಬೆಸುಗೆ ಆದ ಮೇಲೆ ವೈರ್ ಬಂದ ತೂತನ್ನು ಮೊದಲಿನ ಹಾಗೇ ಮುಚ್ಚಿದ್ದಾರೆಯೇ ನೋಡಿ. ಬಟ್ಟಲಿಗೆ ಹೊಸ ತೂತು ಕೊರೆದು ತಂದರೆ ಅದು ಗುಂಡಿಗೆ ಪ್ರಯೋಜನವಿಲ್ಲ. ವೈರ್ ಸರಿಯಿದ್ದರೆ ಆ ಬದಿಯ ಮೈಕ್ ಮೇಲಿನ ಸ್ಪಂಜನ್ನು ನೋಡಿ, ಕೆಸರು, ಮಸಿ ಕೂತಿರಬಹುದು.

ಕೀಂಯ್ ಅಂತ ಕೂಗುತ್ತದೆ. ಇದನ್ನು ಕೆಟ್ಟದ್ದು ಅಂತ ಬೈಯಬೇಡಿ, ಅದು ನಿಮಗೆ ಸುದ್ದಿ ಕೊಡುತ್ತಿದೆ. ಒಳಗಿನ ಸ್ಪೀಕರಿನ ಸದ್ದು ಮೆತ್ತೆಯ ಸಂದಿಯಿಂದ ಹೊರಬಂದು ಮತ್ತೆ ಮೈಕ್ ಸೇರುವುದರಿಂದ ಹಾಗೆ ಕೂಗುತ್ತದೆ. ಅಂದರೆ ಸೋರಿಕೆ ಇದೆ. ಒಳಗಿನ ಸದ್ದು ಹೊರಗೆ ಬರುವ ದಾರಿಯಲ್ಲೇ ಗುಂಡಿನ ಸದ್ದು ಒಳಗೆ ಹೋಗುತ್ತದೆ. ಪಕ್ಕದ ಮನೆಯ ಅಕ್ಕ ಹೆಂಗಸರ ವಿಭಾಗದಲ್ಲಿ ಹೊಡೆಯುವವರು. ಅವರ ಮಫ್ ಎಡಗಡೆ ಕೂಗುತ್ತಿತ್ತು. ನಾನು ಬಿಚ್ಚಿ ನೋಡಿದೆ, ಮೈಕ್ ಬದಲಿಸುವ ಯೋಚನೆಯನ್ನೂ ಮಾಡಿದೆ. ಕೊನೆಗೆ ಅವರ ಕಿವಿಯ ಓಲೆಯ ತಿರುಪು ಮೆತ್ತೆಯ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು ಅಂತ ಗೊತ್ತಾಯಿತು. ಓಲೆ ತೆಗೆದರು, ಕೂಗು ನಿಂತಿತು. ವಾಲ್ಯೂಮ್ ಇಳಿಸಿದರೂ ಕೂಗು ನಿಲ್ಲುತ್ತದೆ, ಸೋರಿಕೆ ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲು ಸಂದಿ ಹುಡುಕಿ.

ಸುರ್ ಅಂತ ಸದ್ದು. ಮೆಲ್ಲಗೆ ಇದ್ದರೆ ಅದು ಮೈಕ್‌ನ ಸಹಜ ಗುಣ. ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೆ ಸೆಲ್ ಇಳಿದಿದೆ, ಇಲ್ಲವೇ ತೇವ ಸೇರಿದೆ. ಟಕಟಕ ಅಂತ ಬಿಟ್ಟು ಬಿಟ್ಟು ಬಂದರೆ ಅಂಗಿಯ ಜೇಬಿನಲ್ಲಿರುವ ಫೋನನ್ನು ದೂರ ಇಟ್ಟು ನೋಡಿ. ಗಾಳಿಯ ಭರ್ ಸದ್ದಿಗೆ ಮೈಕ್ ಮೇಲಿನ ಸ್ಪಂಜು ಬಿದ್ದು ಹೋಗಿರುವುದೇ ಹೆಚ್ಚಿನ ಸಲ ಕಾರಣ.

ಗುಂಡಿನ ಸದ್ದು ಮೊದಲಿಗಿಂತ ಜೋರಾಗಿ ಕೇಳುತ್ತಿದೆ. ಇದೊಂದನ್ನು ಮುಂದೂಡಬೇಡಿ, ಅವತ್ತಿನ ಹೊಡೆತ ಅಲ್ಲಿಗೇ ನಿಲ್ಲಿಸಿ. ಸರ್ಕ್ಯೂಟ್ ಅಲ್ಲ, ಮೆತ್ತೆಯನ್ನು ನೋಡಿ. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಮೆತ್ತೆ ಮೆಲ್ಲಗೆ ಮೇಲೆ ಏಳಬೇಕು. ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಒತ್ತಿದ ಗುಳಿ ಹಾಗೇ ಉಳಿದರೆ ಬದಲಿಸಬೇಕು. ದಿನಾ ಬಳಸುವವರು ಆರು ತಿಂಗಳಿಗೆ, ಅಪರೂಪಕ್ಕೆ ಬಳಸುವವರು ವರ್ಷಕ್ಕೊಮ್ಮೆ ಬದಲಿಸಿದರೆ ಚಿಂತೆಯಿಲ್ಲ. ಮೆತ್ತೆಯನ್ನು ಸುತ್ತ ಎಳೆದರೆ ಕಳಚಿ ಬರುತ್ತದೆ, ಹೊಸದನ್ನು ಸುತ್ತಲೂ ಟಕ್ ಅನ್ನುವ ಹಾಗೆ ಒತ್ತಬೇಕು. ಆಗ ಒಳಗಿನ ಫೋಮ್ ಬಿದ್ದು ಹೋಗಿಲ್ಲ ತಾನೇ ಅಂತ ನೋಡಿ. ತೊಳೆಯಲು ತೆಗೆದು ಮತ್ತೆ ಹಾಕಲು ಮರೆತವರ ಮಫ್ ಒಂದು ನನ್ನ ಹತ್ತಿರ ಬಂದಿತ್ತು. ಮೆತ್ತೆಯೂ ಫೋಮೂ ಸರಿಯಿದ್ದರೆ ತಲೆಪಟ್ಟಿ ಸಡಿಲವಾಗಿದೆ. ಕಾರಿನ ಸೀಟಿನ ತಲೆದಿಂಬಿಗೆ ಮಫ್ ನೇತು ಹಾಕಿ ವರ್ಷಗಟ್ಟಲೆ ಬಿಟ್ಟರೆ ಪಟ್ಟಿ ಅಗಲವಾಗುತ್ತದೆ. ಪಟ್ಟಿಯನ್ನು ಬಗ್ಗಿಸಿ ಬಿಗಿ ಮಾಡಿ ನಂಬಿಕೊಳ್ಳಬೇಡಿ. ಅದು ಮತ್ತೆ ಸಡಿಲವಾಗುತ್ತದೆ, ಹೊಸ ಮಫ್ ತೆಗೆದುಕೊಳ್ಳಿ.

ಮಳೆಗಾಲ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಮೇಲಿನ ಅಟ್ಟ ಬಿಟ್ಟು ಬೇರೆಲ್ಲ ಕಡೆ ಬೂಸ್ಟು ಹಿಡಿಯುತ್ತದೆ. ಮಫ್‌ಗೂ ಅಷ್ಟೇ. ಕೈಲ್ ಪೊಳ್ದ್ ಬರುವುದು ಸೆಪ್ಟೆಂಬರ್‌ನಲ್ಲಿ, ಅಂದರೆ ಮೂರು ತಿಂಗಳು ತೇವದಲ್ಲಿ ಇಟ್ಟ ಮಫ್ ಅನ್ನು ಅವತ್ತು ಹೊರಗೆ ತೆಗೆಯುತ್ತೇವೆ. ಮಳೆ ಹಿಡಿಯುವ ಮೊದಲೇ ಸೆಲ್ ತೆಗೆದಿಡಿ. ಮೆತ್ತೆಯನ್ನು ಒದ್ದೆ ಬಟ್ಟೆ, ಸ್ವಲ್ಪ ಸೋಪಿನಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ. ಸ್ಪಿರಿಟ್ ಹಚ್ಚಿದರೆ ಮೆತ್ತೆಯ ಚರ್ಮ ಗಟ್ಟಿಯಾಗುತ್ತದೆ, ಬೇಡ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ ಪೊಟ್ಟಣಗಳನ್ನು ಇದಕ್ಕಾಗಿ ನಾನು ಕೂಡಿಡುತ್ತೇನೆ. ಡಬ್ಬಿಯಲ್ಲಿ ಬಟ್ಟಲುಗಳು ಒಂದಕ್ಕೊಂದು ಒತ್ತಿ ಕೂರದಿರಲಿ, ಮೆತ್ತೆ ಚಪ್ಪಟೆಯಾಗುತ್ತದೆ.

ಮಳೆಯಲ್ಲಿ ನೆನೆದರೆ ಕೂಡಲೇ ಆಫ್ ಮಾಡಿ, ಸೆಲ್ ತೆಗೆದು, ಮೆತ್ತೆ ಕಳಚಿ, ಫೋಮ್ ಹೊರಗಿಟ್ಟು ಎರಡು ದಿನ ಫ್ಯಾನಿನ ಕೆಳಗೆ ಬಿಡಿ. ಒಲೆಯ ಹತ್ತಿರ ಬೇಡ, ಹೇರ್ ಡ್ರೈಯರ್ ಬೇಡ.

ಸುತ್ತ ನಿಂತವರು, ಮಕ್ಕಳು

ಸ್ಪರ್ಧೆ ನೋಡಲು ಬಂದ ಮಕ್ಕಳು ಕಿವಿಗೆ ಬೆರಳು ಇಟ್ಟುಕೊಂಡು ಮುಂದಿನ ಸಾಲಿನಲ್ಲೇ ನಿಂತಿರುತ್ತಾರೆ. ಒಂದು ಗುಂಡಿಗೆ ಬೆರಳು ಇಡುತ್ತಾರೆ, ಎರಡನೆಯದಕ್ಕೆ ಮರೆಯುತ್ತಾರೆ. ಅವರಿಗೆ ಎಲೆಕ್ಟ್ರಾನಿಕ್ ಬೇಕಿಲ್ಲ. ಚಿಕ್ಕ ತಲೆಗೆ ಮಾಡಿದ ಸಾಧಾರಣ ಮಫ್ ಸಾಕು. ದೊಡ್ಡವರದನ್ನು ಹಾಕಿದರೆ ದವಡೆಯ ಹತ್ತಿರ ಸಂದಿ ಬಿಡುತ್ತದೆ. ನೋಡಿದ ಮೇಲೆ ಹಿಂದಕ್ಕೆ ಕಳಿಸಿ, ದೂರ ಹೋದಷ್ಟೂ ಸದ್ದು ಇಳಿಯುತ್ತದೆ. ಸಂಘಟಕರು ಮೇಜಿನ ಮೇಲೆ ಒಂದು ಡಬ್ಬಿ ಫೋಮ್ ಪ್ಲಗ್ ಇಟ್ಟರೆ ಖರ್ಚು ಅತಿ ಕಮ್ಮಿ, ಹೆಸರು ಕೂಗುವವರಿಗೂ ಅಂಕ ಬರೆಯುವವರಿಗೂ ಆಗುತ್ತದೆ. ದಿನವಿಡೀ ಪ್ರತಿ ಗುಂಡಿನ ಸದ್ದನ್ನೂ ಕೇಳುವವರು ಅವರು.

ಕಿವಿ ಕೂಗಿದರೆ

ಎಷ್ಟೇ ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ತಪ್ಪುತ್ತದೆ. ಕಿವಿಯಲ್ಲಿ ಜೀರುಂಡೆ ಸದ್ದು, ಕಿವಿ ಕಟ್ಟಿದ ಹಾಗೆ ಆಗುವುದು, ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುವುದು, ಇವು ಪೆಟ್ಟು ಬಿದ್ದ ಗುರುತು. ಅವತ್ತು ಮತ್ತೆ ಗುಂಡು ಹೊಡೆಯಬೇಡಿ. ಮರುದಿನ ಬೆಳಗ್ಗೆಯೂ ಹಾಗೇ ಇದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಅವತ್ತೇ ಹೋಗಿ, ಗುಂಡಿನ ಸದ್ದು ಬಿದ್ದದ್ದು ಅಂತ ಬಿಡಿ ಬಿಡಿಯಾಗಿ ಹೇಳಿ. ಇದ್ದಕ್ಕಿದ್ದ ಹಾಗೆ ಕೇಳುವುದು ಕಮ್ಮಿಯಾದಾಗ ಔಷಧಿ ಫಲ ಕೊಡುವುದಾದರೆ ಅದು ಮೊದಲ ಕೆಲವು ದಿನಗಳಲ್ಲೇ. ಎಣ್ಣೆ ಬಿಡಬೇಡಿ. ನಾನು ಎರಡು ದಿನ ಕಾದೆ, ಹಾಗೆ ಕಾಯಬಾರದಿತ್ತು.

ಪೆಟ್ಟು ಬೀಳದಿದ್ದರೂ ವರ್ಷಕ್ಕೊಮ್ಮೆ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಮಾಡಿಸಿ. ಕೊಡಗಿನವರಿಗೆ ಮೈಸೂರು ದೂರವಲ್ಲ, ಅಲ್ಲಿ ಮಾನಸ ಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಿಮ್ಮ ಜಿಲ್ಲೆಯಲ್ಲೂ ಶ್ರವಣ ತಜ್ಞರು ಇರುತ್ತಾರೆ. ಕೈಗೆ ಕೊಡುವ ಕಾಗದದಲ್ಲಿ 3000ದಿಂದ 6000 ಹರ್ಟ್ಜ್ ನಡುವೆ, ಅದರಲ್ಲೂ 4000ದ ಹತ್ತಿರ, ಗೆರೆ ಗುಂಡಿಯೊಳಗೆ ಇಳಿದ ಹಾಗೆ ಕಂಡರೆ ಅದು ಜೋರು ಸದ್ದಿನ ಗುರುತು. ಮಾತು ಕೇಳಿಸುವುದು ಕಮ್ಮಿಯಾಗಿದೆ ಅಂತ ನಮಗೆ ಅನ್ನಿಸುವುದಕ್ಕಿಂತ ಎಷ್ಟೋ ಮೊದಲೇ ಅದು ಅಲ್ಲಿ ಕಾಣುತ್ತದೆ. ಎಡ, ಬಲ ಎರಡನ್ನೂ ಹೋಲಿಸಿ ನೋಡಿ. ಆ ಕಾಗದವನ್ನು ಕೋವಿಯ ಕಾಗದಪತ್ರಗಳ ಜೊತೆಗೇ ಇಡಿ, ಮುಂದಿನ ವರ್ಷದ್ದನ್ನು ಅದರ ಮೇಲಿಟ್ಟು ನೋಡಲು ಬೇಕಾಗುತ್ತದೆ.